ಕುರ್ಚಿಗೆ ಬರುವವರ ಕಡತ



ಜೂನ್ ತಿಂಗಳ ಮೊದಲ ವಾರದಲ್ಲಿ ಮಗುವನ್ನು ಒಂದನೆಯ ತರಗತಿಗೆ ಸೇರಿಸಲು ಬಂದಾಗ ನಿಮ್ಮ ಕೈಯಲ್ಲಿ ಎಷ್ಟು ಕಾಗದಗಳಿದ್ದುವೆಂದು ಒಮ್ಮೆ ನೆನಪಿಸಿಕೊಳ್ಳಿ. ಜನನ ಪ್ರಮಾಣಪತ್ರ, ರೇಶನ್ ಕಾರ್ಡು, ಆಧಾರ್ ಕಾರ್ಡು, ಅವುಗಳ ಜೆರಾಕ್ಸ್ ಪ್ರತಿಗಳು. ಒಂದರಲ್ಲಿ 'ಐತಪ್ಪ' ಎಂದಿದ್ದು ಇನ್ನೊಂದರಲ್ಲಿ 'ಅಯ್ತಪ್ಪ' ಎಂದಾದುದಕ್ಕೆ ಕೆಲಸ ಬಿಟ್ಟು ಎರಡು ಸಲ ವಿಲೇಜ್ ಆಫೀಸಿಗೆ ಅಲೆದವರನ್ನು ನಾನು ಬಲ್ಲೆ. ಕನ್ನಡದ ಹೆಸರನ್ನು ಬೇರೆ ಲಿಪಿಯಲ್ಲಿ ಬರೆದವನ ತಪ್ಪಿಗೆ ದಂಡ ತೆತ್ತವರು ನೀವು. ಗಡಿಯ ಆಚೆಗೆ ಉಳಿದ ನಮಗೆ ಇದು ಹೊಸತಲ್ಲ, ಕಾಗದ ಕೇಳುವುದು ತಪ್ಪೂ ಅಲ್ಲ. ಆದರೆ ಕಾಗದ ಕೇಳುವ ಕುರ್ಚಿಗಳಲ್ಲಿ ಯಾರನ್ನು ಕೂರಿಸುತ್ತಾರೋ ಅವರ ಕಾಗದಗಳನ್ನು ಯಾರು ನೋಡುತ್ತಾರೆ? ನೋಡಿದರೆ ಎಲ್ಲವನ್ನೂ ನೋಡುತ್ತಾರೆಯೆ?

ಈ ಪ್ರಶ್ನೆ ನಮ್ಮ ಶಾಲೆಯ ಅಂಗಳದಿಂದ ದೂರದ್ದೆಂದು ತೋರಬಹುದು. ಕಾಸರಗೋಡಿನಲ್ಲಿ ಎ.ಇ.ಒ., ಅಕ್ಕಲಕೋಟೆ ಮತ್ತು ಜತ್ತದಲ್ಲಿ ಗಟ ಶಿಕ್ಷಣಾಧಿಕಾರಿ, ಆದೋನಿಯ ಕಡೆ ಎಂ.ಇ.ಒ., ಇವರೆಲ್ಲರ ಮೇಲೆ ಇನ್ನೂ ಹತ್ತಾರು ಕುರ್ಚಿಗಳಿವೆ. ಸಂಖ್ಯೆಯಲ್ಲಿ ಕಡಿಮೆಯಿರುವ ನಮಗೆ ಚುನಾವಣೆಯ ಬಲವಿಲ್ಲ. ನಮ್ಮ ಮಕ್ಕಳ ಪಠ್ಯಪುಸ್ತಕ, ಅಧ್ಯಾಪಕರ ಹುದ್ದೆ, ಪ್ರಶ್ನೆಪತ್ರಿಕೆಯ ಭಾಷೆ ಎಲ್ಲವೂ ನೇಮಕಗೊಂಡವರ, ನಾಮನಿರ್ದೇಶನಗೊಂಡವರ ಸಹಿಯಿಂದಲೇ ನಡೆಯಬೇಕು. ಮತದಿಂದ ಇಳಿಸಲಾಗದವರ ಮೇಲೆ ಇಡಬಹುದಾದದ್ದು ನಂಬಿಕೆಯೊಂದನ್ನೇ.

ಕೇರಳಕ್ಕೆ ಸಂಬಂಧಿಸಿದ ಒಂದು ಪ್ರಕರಣ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. 1991ರಲ್ಲಿ ಕೆ. ಕರುಣಾಕರನ್ ಮುಖ್ಯಮಂತ್ರಿಯಾಗಿದ್ದಾಗ ರಾಜ್ಯ ಸರಕಾರ 15,000 ಟನ್ ಪಾಮೋಲಿನ್ ಎಣ್ಣೆಯನ್ನು ಆಮದು ಮಾಡಿಕೊಳ್ಳಲು ತೀರ್ಮಾನಿಸಿತು. ಟನ್ನಿಗೆ 405 ಡಾಲರ್ ದರ ಕೊಟ್ಟದ್ದು ಮಾರುಕಟ್ಟೆಯ ದರಕ್ಕಿಂತ ಹೆಚ್ಚಾಯಿತು, ರಾಜ್ಯಕ್ಕೆ 2 ಕೋಟಿ ರೂಪಾಯಿಗೂ ಮಿಕ್ಕಿ ನಷ್ಟವಾಯಿತು ಎಂಬುದು ಆರೋಪ. ಆಗ ಆಹಾರ ಮತ್ತು ನಾಗರಿಕ ಪೂರೈಕೆ ಇಲಾಖೆಯ ಕಾರ್ಯದರ್ಶಿಯಾಗಿದ್ದವರು ಪಿ.ಜೆ. ಥಾಮಸ್. ಮುಂದೆ ಮೊಕದ್ದಮೆ ದಾಖಲಾಯಿತು, ಅದರಲ್ಲಿ ಅವರು ಎಂಟನೆಯ ಆರೋಪಿ. ಮೊಕದ್ದಮೆ ಕುಂಟುತ್ತ ಸಾಗಿತು, ಅಧಿಕಾರಿಯ ಬಡ್ತಿ ಕುಂಟಲಿಲ್ಲ. 2007ರಲ್ಲಿ ಅವರು ಕೇರಳದ ಮುಖ್ಯ ಕಾರ್ಯದರ್ಶಿಯಾದರು, ಆ ಮೇಲೆ ದಿಲ್ಲಿಗೆ ಹೋದರು. 2010ರ ಸೆಪ್ಟೆಂಬರಿನಲ್ಲಿ ಕೇಂದ್ರ ಜಾಗೃತ ಆಯುಕ್ತರಾಗಿ ಪ್ರಮಾಣವಚನ ಸ್ವೀಕರಿಸಿದರು.

ಜಾಗೃತ ಆಯೋಗವೆಂದರೆ ಏನು? ಸಂತಾನಂ ಸಮಿತಿಯ ಶಿಫಾರಸಿನಂತೆ 1964ರಲ್ಲಿ ಸ್ಥಾಪನೆಯಾದ, ಅಧಿಕಾರಿಗಳ ಲಂಚಗುಳಿತನದ ಮೇಲೆ ಕಣ್ಣಿಡುವ ಸಂಸ್ಥೆ. 2003ರ ಕಾಯಿದೆಯ ಪ್ರಕಾರ ಅದರ ಆಯುಕ್ತರನ್ನು ಆರಿಸುವುದು ಪ್ರಧಾನಮಂತ್ರಿ, ಗೃಹಮಂತ್ರಿ ಮತ್ತು ಲೋಕಸಭೆಯ ವಿರೋಧ ಪಕ್ಷದ ನಾಯಕರ ಸಮಿತಿ. ಅಂದು ಮನಮೋಹನ ಸಿಂಗ್, ಪಿ. ಚಿದಂಬರಂ ಮತ್ತು ಸುಷ್ಮಾ ಸ್ವರಾಜ್ ಆ ಸಮಿತಿಯಲ್ಲಿದ್ದರು. ಸುಷ್ಮಾ ಅವರು ಪಾಮೋಲಿನ್ ಮೊಕದ್ದಮೆಯನ್ನು ಎತ್ತಿ ತೋರಿಸಿ ಭಿನ್ನಮತ ದಾಖಲಿಸಿದರು. ಇಬ್ಬರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ. ನೇಮಕ ನಡೆದೇ ಹೋಯಿತು.

ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೊ ಅವರೂ ಸೇರಿದಂತೆ ಕೆಲವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2011ರ ಮಾರ್ಚ್ 3ರಂದು ಮುಖ್ಯ ನ್ಯಾಯಮೂರ್ತಿ ಎಸ್.ಎಚ್. ಕಪಾಡಿಯಾ ಅವರ ಪೀಠ ನೇಮಕವನ್ನು ರದ್ದುಗೊಳಿಸಿತು. ಆ ತೀರ್ಪಿನಲ್ಲಿ ನಾವು ಗಮನಿಸಬೇಕಾದ ಅಂಶ ಒಂದಿದೆ. ಥಾಮಸ್ ತಪ್ಪಿತಸ್ಥರೆಂದು ನ್ಯಾಯಾಲಯ ಹೇಳಲಿಲ್ಲ. ಅದನ್ನು ತಾನು ತೀರ್ಮಾನಿಸುತ್ತಿಲ್ಲ ಎಂದಿತು. ಅದು ನೋಡಿದ್ದು ಸಮಿತಿಯ ಮುಂದಿಟ್ಟ ಕಡತವನ್ನು. 2000ದಿಂದ 2004ರ ನಡುವೆ ಕೇಂದ್ರ ಸಿಬ್ಬಂದಿ ಇಲಾಖೆಯ ಒಳಗೇ, ಈ ಅಧಿಕಾರಿಯ ಮೇಲೆ ಶಿಸ್ತುಕ್ರಮ ಜರುಗಿಸಬೇಕೆಂದು ಟಿಪ್ಪಣಿಗಳು ಬರೆಯಲ್ಪಟ್ಟಿದ್ದುವು. ಆ ಹಾಳೆಗಳು ಸಮಿತಿಯ ಮುಂದೆ ಬರಲಿಲ್ಲ. ಬಂದದ್ದು ಚೊಕ್ಕದಾದ ಸ್ವವಿವರ ಮಾತ್ರ. ವ್ಯಕ್ತಿಯ ಪ್ರಾಮಾಣಿಕತೆ ಒಂದು, ಸಂಸ್ಥೆಯ ಪ್ರಾಮಾಣಿಕತೆ ಇನ್ನೊಂದು. ಈ ವ್ಯಕ್ತಿ ಈ ಕುರ್ಚಿಯಲ್ಲಿ ಕುಳಿತರೆ ಸಂಸ್ಥೆ ತನ್ನ ಕೆಲಸ ಮಾಡಬಲ್ಲುದೆ ಎಂಬುದನ್ನು ಸಮಿತಿ ನೋಡಬೇಕಿತ್ತು, ನೋಡಲಿಲ್ಲ. ಇದು ನ್ಯಾಯಾಲಯದ ಮಾತಿನ ಸಾರಾಂಶ. ತಪ್ಪಿನ ಹೊಣೆಯನ್ನು ಪ್ರಧಾನಿಯವರು ಆ ಮೇಲೆ ಒಪ್ಪಿಕೊಂಡರು.

ನಾನು ಕಾನೂನು ಓದಿದವನಲ್ಲ, ಬಿ.ಎಡ್. ಮಾಡಿದ ಮಾಸ್ತರ. ಆದರೆ ಇದನ್ನು ನಾವು ಶಾಲೆಯ ಭಾಷೆಯಲ್ಲಿ ಅರ್ಥ ಮಾಡಿಕೊಳ್ಳಬಹುದು. ಪರೀಕ್ಷೆಯಲ್ಲಿ ನಕಲು ಮಾಡಿದನೆಂಬ ದೂರಿರುವ ಹುಡುಗನನ್ನು, ದೂರಿನ ವಿಚಾರಣೆ ಮುಗಿಯುವ ಮೊದಲೇ ಯಾರೂ ಶಾಲೆಯಿಂದ ಹೊರಹಾಕಬಾರದು. ಆದರೆ ಅವನನ್ನೇ ತರಗತಿಯ ಲೀಡರ್ ಮಾಡಿ ಉಳಿದವರ ಉತ್ತರಪತ್ರಿಕೆ ಕಾಯಲು ನಿಲ್ಲಿಸುವುದುಂಟೆ?

ಕರ್ನಾಟಕದ ಕಥೆಯೂ ಅದೇ ವರ್ಷದ್ದು. ಗಣಿ ವರದಿಯನ್ನು ಕೊಟ್ಟು ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ನಿವೃತ್ತರಾದ ಬಳಿಕ, 2011ರ ಆಗಸ್ಟಿನಲ್ಲಿ ನ್ಯಾಯಮೂರ್ತಿ ಶಿವರಾಜ ಪಾಟೀಲರು ಲೋಕಾಯುಕ್ತರಾದರು. ಗೃಹನಿರ್ಮಾಣ ಸಹಕಾರ ಸಂಘಗಳಿಂದ ಪಡೆದ ನಿವೇಶನಗಳ ಬಗ್ಗೆ ಆಕ್ಷೇಪ ಎದ್ದಿತು. ತಾವು ತಪ್ಪು ಮಾಡಿಲ್ಲವೆಂದೇ ಹೇಳಿದ ಅವರು ಸುಮಾರು ಒಂದೂವರೆ ತಿಂಗಳಿಗೇ ರಾಜೀನಾಮೆ ಕೊಟ್ಟು ಹೊರನಡೆದರು. ಬಳಿಕ ಸೂಚಿತವಾದ ಹೆಸರಿಗೂ ನಿವೇಶನದ ವಿವಾದವೇ ಅಡ್ಡ ಬಂದಿತು. 2013ರ ಫೆಬ್ರವರಿಯವರೆಗೆ ಆ ಕುರ್ಚಿ ಖಾಲಿ ಬಿತ್ತು. ಒಂದು ನಿವೇಶನವೆಂದರೆ ಬೆಂಗಳೂರಿನ ಮಧ್ಯಮವರ್ಗದವರಿಗೆ ದೊಡ್ಡ ಮಾತಲ್ಲದಿರಬಹುದು. 'ಎಲ್ಲರೂ ಮಾಡುತ್ತಾರೆ' ಎನ್ನುವ ಪಟ್ಟಿಯಲ್ಲಿ ಅದೂ ಒಂದು. ಆದರೆ ಅಂಥ ದೂರುಗಳನ್ನೇ ವಿಚಾರಿಸಬೇಕಾದ ಕುರ್ಚಿಗೆ ಆ ಪಟ್ಟಿ ಒಪ್ಪುವುದಿಲ್ಲ. ಒಂದೂವರೆ ವರ್ಷ ಲೋಕಾಯುಕ್ತರಿಲ್ಲದ ರಾಜ್ಯದಲ್ಲಿ ದೂರು ಹಿಡಿದು ನಿಂತ ಬಡವನಿಗೆ ಆದ ನಷ್ಟವನ್ನು ಯಾರೂ ಲೆಕ್ಕ ಹಾಕಿಲ್ಲ.

ಇಂಥ ವಿಚಾರಗಳಲ್ಲಿ ಅಮೆರಿಕದವರು ನಮಗಿಂತ ಬಹಳ ಕಟ್ಟುನಿಟ್ಟೆಂದು ಹೇಳುವುದುಂಟು. ಅಲ್ಲಿ ಅಧ್ಯಕ್ಷರು ಸೂಚಿಸಿದವರನ್ನು ಸೆನೆಟ್ ಬಹಿರಂಗವಾಗಿ ವಿಚಾರಿಸಿ ಒಪ್ಪಬೇಕು. 1993ರ ಜನವರಿಯಲ್ಲಿ ಕ್ಲಿಂಟನ್ ಅವರು ಅಟಾರ್ನಿ ಜನರಲ್ ಹುದ್ದೆಗೆ ಜೋಯಿ ಬೇರ್ಡ್ ಎಂಬ ವಕೀಲೆಯನ್ನು ಸೂಚಿಸಿದ್ದರು. ವರ್ಷಕ್ಕೆ 5 ಲಕ್ಷ ಡಾಲರಿಗೂ ಹೆಚ್ಚು ಸಂಬಳವಿದ್ದ ಅವರ ಮನೆಯಲ್ಲಿ ಮಗುವನ್ನು ನೋಡಿಕೊಳ್ಳಲು ಮತ್ತು ಕಾರು ಓಡಿಸಲು ಪೆರು ದೇಶದ ದಂಪತಿಯಿದ್ದರು. ಅವರಿಗೆ ಅಲ್ಲಿ ಕೆಲಸ ಮಾಡುವ ಪರವಾನಗಿ ಇರಲಿಲ್ಲ, ಅವರ ಪಾಲಿನ ಸಾಮಾಜಿಕ ಭದ್ರತಾ ತೆರಿಗೆಯನ್ನೂ ಕಟ್ಟಿರಲಿಲ್ಲ. ವಲಸೆ ಇಲಾಖೆ ಆಗ ಅಟಾರ್ನಿ ಜನರಲ್ ಅವರ ಕೈಕೆಳಗೇ ಇತ್ತು. ತಾನು ಮುರಿದ ಕಾನೂನನ್ನು ತಾನೇ ಜಾರಿಗೊಳಿಸಬೇಕಾದ ಹುದ್ದೆ! ಜನ ಸೆನೆಟರುಗಳಿಗೆ ಫೋನ್ ಮೇಲೆ ಫೋನ್ ಮಾಡಿದರು.  ಜನವರಿ 22ರಂದು ಅವರು ಹಿಂದೆ ಸರಿದರು. ಮುಂದೆ ಯೋಚಿಸಲಾಗಿದ್ದ ಕಿಂಬಾ ವುಡ್ ಎಂಬ ನ್ಯಾಯಾಧೀಶೆ ತೆರಿಗೆ ಕಟ್ಟಿದ್ದರು, ಅವರು ಕೆಲಸಕ್ಕಿಟ್ಟುಕೊಂಡ ಕಾಲದಲ್ಲಿ ಅದು ಕಾನೂನುಬಾಹಿರವೂ ಆಗಿರಲಿಲ್ಲ. ಆದರೂ ಗದ್ದಲಕ್ಕೆ ಅಂಜಿ ಅವರ ಹೆಸರನ್ನೂ ಕೈಬಿಡಲಾಯಿತು. ಮಗುವನ್ನು ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆಂಬ ಪ್ರಶ್ನೆ ಹೆಂಗಸರಿಬ್ಬರಿಗೆ ಉರುಳಾಯಿತು. ಅದಕ್ಕೆ ಮೊದಲು ಆ ಕುರ್ಚಿಯಲ್ಲಿ ಕುಳಿತ ಗಂಡಸರ ಮನೆಯ ತೊಟ್ಟಿಲನ್ನು ಯಾರು ತೂಗುತ್ತಿದ್ದರೆಂದು ಯಾರೂ ಕೇಳಿದಂತಿಲ್ಲ.

ಕಟ್ಟುನಿಟ್ಟು ಎಲ್ಲರಿಗೂ ಒಂದೇ ಆಗಿತ್ತೆ ಎಂದರೆ, ಅದೂ ಇಲ್ಲ. 2009ರಲ್ಲಿ ಒಬಾಮಾ ಅವರು ಖಜಾನೆ ಕಾರ್ಯದರ್ಶಿಯಾಗಿ ಸೂಚಿಸಿದ ತಿಮೊತಿ ಗೈಟ್ನರ್ ಸುಮಾರು 34,000 ಡಾಲರ್ ತೆರಿಗೆಯನ್ನು ವರ್ಷಾನುಗಟ್ಟಲೆ ಬಾಕಿ ಉಳಿಸಿಕೊಂಡಿದ್ದರು. ಅದರ ಒಂದು ಭಾಗವನ್ನು ಕಟ್ಟಿದ್ದು ಹೆಸರು ಸೂಚಿತವಾಗುವ ಹೊತ್ತಿಗೆ. ತೆರಿಗೆ ಇಲಾಖೆಯೇ ಅವರ ಕೈಕೆಳಗೆ ಬರುವುದಿತ್ತು. ಸೆನೆಟ್ 60-34 ಮತಗಳಿಂದ ಅವರನ್ನು ಒಪ್ಪಿತು. ಕೆಲವೇ ದಿನಗಳ ಬಳಿಕ, ಫೆಬ್ರವರಿ 3ರಂದು, ಮನೆಗೆಲಸದವರ ಬಾಬ್ತಿನ ಸಾವಿರ ಡಾಲರಿಗೂ ಕಡಿಮೆಯ ಹಳೆಯ ಬಾಕಿಗಾಗಿ ನ್ಯಾನ್ಸಿ ಕಿಲೆಫರ್ ಎಂಬವರು ಇನ್ನೊಂದು ಹುದ್ದೆಯಿಂದ ಹಿಂದೆ ಸರಿದರು. ಅದೇ ದಿನ, ಲಕ್ಷಕ್ಕೂ ಮಿಕ್ಕಿದ ಡಾಲರ್ ಬಾಕಿಯ ಕಾರಣದಿಂದ ಟಾಮ್ ಡ್ಯಾಶ್ಲ್ ಆರೋಗ್ಯ ಇಲಾಖೆಯ ಹುದ್ದೆಯಿಂದ ಹಿಂದೆ ಸರಿದರು. ಒಬ್ಬ ಬೇಕಾದವನಾದರೆ ತಪ್ಪು ಕಣ್ತಪ್ಪಾಗುತ್ತದೆ, ಬೇಡವಾದರೆ ಕಣ್ತಪ್ಪೇ ಅಪರಾಧವಾಗುತ್ತದೆ. ಈ ರೋಗಕ್ಕೆ ದೇಶಭಾಷೆಗಳ ಗಡಿಯಿಲ್ಲ. ಒಂದು ಒಳ್ಳೆಯದನ್ನೂ ಹೇಳಬೇಕು: ಬೇರ್ಡ್ ಪ್ರಕರಣದ ಮರುವರ್ಷವೇ ಮನೆಗೆಲಸದವರ ತೆರಿಗೆಯ ಕಾನೂನನ್ನು ಅಲ್ಲಿ ತಿದ್ದಿ, ಸಾಮಾನ್ಯರಿಗೆ ಪಾಲಿಸಲು ಸುಲಭವಾಗುವಂತೆ ಮಾಡಿದರು.

ಹಾಗಾದರೆ ಸಣ್ಣ ತಪ್ಪು ಯಾವುದು, ದೊಡ್ಡದು ಯಾವುದು? ಥಾಮಸ್ ತೀರ್ಪು ಬಂದ ತಿಂಗಳಲ್ಲೇ, 2011ರ ಮಾರ್ಚ್ 17ರಂದು, ಅದೇ ಸುಪ್ರೀಂ ಕೋರ್ಟಿನ ಇನ್ನೊಂದು ಪೀಠ ದಿಲ್ಲಿ ಪೊಲೀಸಿನ ಹೆಡ್ ಕಾನ್‌ಸ್ಟೇಬಲ್ ಹುದ್ದೆಯ ಅಭ್ಯರ್ಥಿಯೊಬ್ಬನ ಪ್ರಕರಣವನ್ನು ತೀರ್ಮಾನಿಸಿತು. ಇಪ್ಪತ್ತರ ಆಸುಪಾಸಿನಲ್ಲಿ ಹೊಡೆದಾಟದ ಮೊಕದ್ದಮೆಯೊಂದರಲ್ಲಿ ಅವನ ಹೆಸರಿತ್ತು, ಅದು ರಾಜಿಯಲ್ಲಿ ಮುಗಿದಿತ್ತು. ಅರ್ಜಿಯಲ್ಲಿ ಅದನ್ನು ಬರೆಯದಿದ್ದುದಕ್ಕೆ ಇಲಾಖೆ ಅವನ ಆಯ್ಕೆಯನ್ನು ರದ್ದುಪಡಿಸಿತ್ತು. ಎಳೆಯ ವಯಸ್ಸಿನ ಸಣ್ಣ ತಪ್ಪನ್ನು ಜೀವಮಾನವಿಡೀ ಹಣೆಗೆ ಹಚ್ಚಬಾರದೆಂದು ನ್ಯಾಯಮೂರ್ತಿ ಕಾಟ್ಜು ಅವರ ಪೀಠ ಅವನ ಪರವಾಗಿ ನಿಂತಿತು. ಮುಂದೆ 2016ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಈ ವಿಚಾರವನ್ನು ವಿವರವಾಗಿ ಪರಿಶೀಲಿಸಿ, ಉದ್ಯೋಗಕ್ಕೆ ಸೇರುವವನು ಕೇಳಿದ ಮಾಹಿತಿಯನ್ನು ನಿಜವಾಗಿ ಕೊಡಬೇಕು, ಮುಚ್ಚಿಟ್ಟದ್ದು ಕ್ಷುಲ್ಲಕವಾದರೆ ಮನ್ನಿಸಬಹುದು, ಹುದ್ದೆಯ ಸ್ವರೂಪ ನೋಡಿ ತೀರ್ಮಾನಿಸಬೇಕು ಎಂದಿತು.

ಮೇಲ್ನೋಟಕ್ಕೆ ಆಯುಕ್ತನಿಗೆ ಕಠಿಣ, ಕಾನ್‌ಸ್ಟೇಬಲಿಗೆ ಮೃದು ಎನಿಸಿದರೂ ನನಗೆ ಇದು ನ್ಯಾಯವೆಂದೇ ತೋರುತ್ತದೆ. ಕುರ್ಚಿ ಎತ್ತರವಾದಷ್ಟೂ ಕೂರುವವನ ಕಾಗದ ಹೆಚ್ಚು ಚೊಕ್ಕವಿರಬೇಕು. ನಮ್ಮ ಕಚೇರಿಗಳಲ್ಲಿ ನಡೆಯುವುದು ಇದರ ತದ್ವಿರುದ್ಧ. ಜವಾನನ ಹುದ್ದೆಗೆ ಪೊಲೀಸ್ ತಪಾಸಣೆಯ ನಮೂನೆ ತುಂಬಿಸುತ್ತಾರೆ. ನಿಗಮ, ಅಕಾಡೆಮಿ, ಸಲಹಾ ಸಮಿತಿಗಳಿಗೆ ನಾಮನಿರ್ದೇಶನವಾಗುವವರ ಹೆಸರು ಒಂದು ಸಂಜೆ ವಾರ್ತೆಯಲ್ಲಿ ಬರುತ್ತದೆ, ಅಷ್ಟೆ.

ಚುನಾವಣೆಗೆ ನಿಲ್ಲುವವರು ತಮ್ಮ ಮೇಲಿನ ಮೊಕದ್ದಮೆ, ಆಸ್ತಿ, ಸಾಲ, ಸರಕಾರಕ್ಕೆ ಕೊಡಬೇಕಾದ ಬಾಕಿಗಳನ್ನು ಪ್ರಮಾಣಪತ್ರದಲ್ಲಿ ತೋರಿಸುತ್ತಾರೆ. 2002ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದ ಹಕ್ಕು ಅದು. ಯಾರೂ ಅದನ್ನು ಓದಬಹುದು. ನಾಮನಿರ್ದೇಶನಗೊಂಡವರ ಬಗ್ಗೆ ಅಂಥ ಹಾಳೆ ನಮ್ಮ ಕೈಗೆ ಬರುವುದಿಲ್ಲ. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ ಸಂವಿಧಾನದ 350ಬಿ ವಿಧಿಯನ್ವಯ ರಾಷ್ಟ್ರಪತಿಗಳು ವಿಶೇಷಾಧಿಕಾರಿಯೊಬ್ಬರನ್ನು ನೇಮಿಸುತ್ತಾರೆ. 1956ರ ಏಳನೆಯ ತಿದ್ದುಪಡಿಯಿಂದ ಬಂದ ವಿಧಿಯಿದು. ನಮ್ಮ ಮಕ್ಕಳ ಅಹವಾಲು ಸಂಸತ್ತನ್ನು ಮುಟ್ಟುವ ಸಂವಿಧಾನದತ್ತ ದಾರಿ ಅವರ ವರದಿ. ಜಿಲ್ಲೆಯ ಮಟ್ಟದ ಸಮಿತಿಗಳಲ್ಲಿ 'ಕನ್ನಡಿಗರ ಪ್ರತಿನಿಧಿ' ಎಂದು ಕೂರಿಸಲ್ಪಡುವವರೂ ಇದ್ದಾರೆ. ಅಂಥವರಲ್ಲಿ ಒಬ್ಬನ ತಲೆಯ ಮೇಲೆ ತೆರಿಗೆ ಬಾಕಿಯೋ ಜಾಗದ ಒತ್ತುವರಿಯ ಮೊಕದ್ದಮೆಯೋ ತೂಗುತ್ತಿದೆ ಎನ್ನಿ. ಅವನು ಸಭೆಯಲ್ಲಿ ಅಧಿಕಾರಿಯ ಎದುರು ದನಿಯೆತ್ತುವನೆ? ಕಚೇರಿಯಲ್ಲಿರುವ ಆ ಒಂದು ಕಡತವೇ ಅವನ ಬಾಯಿಗೆ ಬೀಗ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಹೇಳಲು ನಾಚಿಕೆಯಾಗುವ ಒಂದು ಸಂಗತಿಯನ್ನು ಇಲ್ಲಿ ಬರೆಯದೆ ಉಳಿದರೆ, ಮೇಲೆ ಹೆಸರಿಸಿದವರ ಬಗ್ಗೆ ಮಾತಾಡುವ ಹಕ್ಕು ನನಗಿಲ್ಲ.

ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನದ ಹಾಜರಿಯ ಮೇಲೆ ಆ ವರ್ಷದ ವಿಭಾಗಗಳೂ ಅಧ್ಯಾಪಕರ ಹುದ್ದೆಗಳೂ ನಿರ್ಧಾರವಾಗುತ್ತವೆಂಬುದು ನಿಮಗೆ ಗೊತ್ತಿದೆ. ಆಧಾರ್ ಸಂಖ್ಯೆಯನ್ನು ತಾಳೆ ನೋಡುವ ಪದ್ಧತಿ ಬರುವ ಮೊದಲಿನ ಮಾತು. ನಾನಿದ್ದ ಶಾಲೆಯಲ್ಲಿ ಒಂದು ಕನ್ನಡ ವಿಭಾಗ ಉಳಿಯಲು ಎರಡು ಮಕ್ಕಳು ಕಡಿಮೆಯಿದ್ದರು. ವಿಭಾಗ ಬಿದ್ದರೆ ಕೊನೆಯಲ್ಲಿ ಸೇರಿದ ಅಧ್ಯಾಪಕಿಯ ಹುದ್ದೆ ಹೋಗುತ್ತದೆ, ಅವರ ಬಳಿಕದ ಸರದಿ ನನ್ನದು. ಅಪ್ಪ ಅಮ್ಮನೊಂದಿಗೆ ಊರು ಬಿಟ್ಟು ಹೋಗಿದ್ದ ಎರಡು ಮಕ್ಕಳ ಹೆಸರು ನನ್ನ ತರಗತಿಯ ಪುಸ್ತಕದಲ್ಲಿ ಹಾಗೆಯೇ ಉಳಿದಿತ್ತು. ತೆಗೆಯಬೇಡಿ ಎಂದು ಯಾರೂ ನನಗೆ ಬಾಯಿಬಿಟ್ಟು ಹೇಳಲಿಲ್ಲ. ಅವುಗಳ ಎದುರು ಹಾಜರಿಯ ಗುರುತು ಹಾಕಿ ಸಹಿ ಮಾಡಿದವನು ನಾನೇ. ಕನ್ನಡಕ್ಕಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಅದರಲ್ಲಿ ಕನ್ನಡ ಎಷ್ಟು, ನನ್ನ ಹುದ್ದೆ ಎಷ್ಟು ಎಂದು ಈಗ ತೂಗಿ ಹೇಳಲಾರೆ.

ಮರುವರ್ಷ ಮೇಲಿನ ಕಚೇರಿಯವರು ಮುನ್ಸೂಚನೆಯಿಲ್ಲದೆ ಬಂದು ತಲೆ ಎಣಿಸಿದರು. ಹಳೆಯ ಪುಸ್ತಕವನ್ನೂ ತಿರುವಿ ನೋಡಿದರು. ವಿಭಾಗ ಹೋಯಿತು. ಆ ಅಧ್ಯಾಪಕಿ ಮನೆಗೆ ಹೋದರು.

ನಿಜವಾದ ದಂಡ ತೆತ್ತದ್ದು ಆ ಮೇಲೆ. ಕನ್ನಡವೇ ಬಾರದ ಅಧ್ಯಾಪಕರೊಬ್ಬರನ್ನು ಹತ್ತಿರದ ಇನ್ನೊಂದು ಶಾಲೆಯ ಕನ್ನಡ ವಿಭಾಗಕ್ಕೆ ಕಳುಹಿಸಿದಾಗ, ಹೆತ್ತವರೊಂದಿಗೆ ನಾವು ಕೆಲವು ಅಧ್ಯಾಪಕರೂ ಮನವಿ ಹಿಡಿದು ಕಚೇರಿಗೆ ಹೋದೆವು. ಅಧಿಕಾರಿ ನಮ್ಮ ಮಾತನ್ನು ಪೂರ್ತಿ ಕೇಳಿದರು. ಬಳಿಕ ಕಪಾಟಿನಿಂದ ಒಂದು ಕಡತ ತೆಗೆದು, ಆ ಎರಡು ಹೆಸರಿನ ಹಾಳೆಯನ್ನು ನನ್ನ ಕಡೆ ತಿರುಗಿಸಿ ಮೇಜಿನ ಮೇಲಿಟ್ಟರು. ಏನೂ ಹೇಳಲಿಲ್ಲ. ಹಿಂದೆ ನಿಂತಿದ್ದ ಹೆತ್ತವರಿಗೆ ಅದೇನೆಂದು ತಿಳಿಯಲಿಲ್ಲ. ಮಾಸ್ತರರು ಯಾಕೆ ಸುಮ್ಮನಾದರೆಂದು ಬಸ್ಸಿನಲ್ಲಿ ಒಬ್ಬರು ಕೇಳಿದರು, ನಾನು ಕಿಟಕಿಯಾಚೆ ನೋಡುತ್ತ ಕುಳಿತೆ. ಆ ಮಕ್ಕಳು ಒಂದಿಡೀ ವರ್ಷ ಅರ್ಥವಾಗದ ಭಾಷೆಯಲ್ಲಿ ಗಣಿತ ಕೇಳಿದರು.

ಅಧಿಕಾರಿ ಮಾಡಿದ್ದು ಸರಿಯೆಂದು ನಾನು ಹೇಳುವುದಿಲ್ಲ. ನನ್ನ ತಪ್ಪಿಗೆ ನನ್ನ ಮೇಲೆ ಕ್ರಮ ಜರುಗಿಸಬೇಕಿತ್ತು. ಅದನ್ನು ಕಪಾಟಿನಲ್ಲಿಟ್ಟುಕೊಂಡು ಮಕ್ಕಳ ಬಾಯಿ ಮುಚ್ಚಿಸುವುದು ಬೇರೊಂದು ತಪ್ಪು. ಸಂಖ್ಯೆಯನ್ನು ಒಂದು ದಿನದ ತಲೆಯೆಣಿಕೆಗೆ ಕಟ್ಟಿಹಾಕಿದ ನಿಯಮವೂ ಗಡಿನಾಡಿನ ಸಣ್ಣ ಶಾಲೆಗಳಿಗೆ ನ್ಯಾಯ ಮಾಡುವುದಿಲ್ಲ, ಭಾಷಾ ಅಲ್ಪಸಂಖ್ಯಾತ ಶಾಲೆಗಳಿಗೆ ಅದನ್ನು ಸಡಿಲಿಸಬೇಕೆಂದು ನಾವು ಕೇಳಲೇಬೇಕು. ಆದರೆ ಕೇಳುವವನ ಕೈ ಆ ದಿನ ಮೇಜಿನ ಕೆಳಗಿತ್ತು.

ಈಗ ಕೆಲಸದ ಮಾತು. ಭಾಷಾ ಅಲ್ಪಸಂಖ್ಯಾತರ ಹೆಸರಿನಲ್ಲಿ ಯಾವುದೇ ಸಮಿತಿಗೆ, ಹುದ್ದೆಗೆ ನಾಮನಿರ್ದೇಶನವಾಗುವವರು ಚುನಾವಣೆಯ ಅಭ್ಯರ್ಥಿಗಳಂತೆಯೇ ತಮ್ಮ ಮೇಲಿನ ಮೊಕದ್ದಮೆ, ಸರಕಾರಿ ಬಾಕಿ ಮತ್ತು ತಮಗೆ ಕನ್ನಡ ಓದು-ಬರಹ ಬರುತ್ತದೆಯೆ ಎಂಬುದನ್ನು ಪ್ರಮಾಣಪತ್ರದಲ್ಲಿ ತಿಳಿಸಬೇಕು, ಅದು ನೇಮಕಕ್ಕೆ ಮೊದಲೇ ಸಾರ್ವಜನಿಕರಿಗೆ ಸಿಗಬೇಕು ಎಂದು ಕೋರುವ ಮನವಿಯೊಂದನ್ನು ಸಿದ್ಧಪಡಿಸಿದ್ದೇವೆ. ಅದನ್ನು ಜಿಲ್ಲಾಧಿಕಾರಿಗಳಿಗೂ ದಿಲ್ಲಿಯ ಆಯುಕ್ತರ ಕಚೇರಿಗೂ ಕಳುಹಿಸುವುದಿದೆ. ಮಕ್ಕಳ ಸಂಖ್ಯೆಯ ನಿಯಮದ ವಿಚಾರವನ್ನೂ ಅದರಲ್ಲಿ ಸೇರಿಸಿದ್ದೇವೆ. ಶಾಲಾವಾರು ಹಾಜರಿಯ ಪಟ್ಟಿ ಅದರ ಜೊತೆಗಿದೆ.

ಪ್ರತಿಗಳು ನಿಮ್ಮ ಶಾಲೆಯ ರಕ್ಷಕ-ಶಿಕ್ಷಕ ಸಂಘದ ಅಧ್ಯಕ್ಷರ ಬಳಿ ಇವೆ. ಪಟ್ಟಿಯನ್ನು ಕೈಗೆತ್ತಿಕೊಂಡು ನಿಮ್ಮ ಶಾಲೆಯ ಹೆಸರುಗಳನ್ನು ಒಂದೊಂದಾಗಿ ಓದಿ. ಯಾವ ಮಗು ಯಾವ ಮನೆಯದೆಂದು ನಮಗಿಂತ ನಿಮಗೆ ಚೆನ್ನಾಗಿ ಗೊತ್ತು. ಊರಲ್ಲಿಲ್ಲದ ಮಗುವಿನ ಹೆಸರು ಕಂಡರೆ ಗೆರೆ ಎಳೆದು ಮುಖ್ಯೋಪಾಧ್ಯಾಯರಿಗೆ ತಿಳಿಸಿ, ಆ ಮೇಲೆ ಸಹಿ ಹಾಕಿ.